ದಿಬ್ಬದ ಲೆಕ್ಕ

ಬರಕೊಳ್ಳಿ ಶ್ಯಾನುಭೋಗರೇ, ಇವತ್ತಿನದು:
ರಾಗಿಹಿಟ್ಟು ಒಂದು ಸೇರು, ಹುರುಳಿ ಅರ್ಧ,
ಉಪ್ಪು ಒಂದು ಹಿಡಿ, ಹೊಗೆಸೊಪ್ಪು ಎರಡೆಲೆ.
ಹರಿಗೋಲಿಲ್ಲ, ನಡೆದೇ ಹೋದೆ.
ಕೈದಿ ಇದ್ದಾನೆ. ಒಬ್ಬನೇ. ಜೀವಂತ.

ಕೈದಿ ಅನ್ನಬೇಕೆಂದು ಅಮಲ್ದಾರರ ಹುಕುಂ.
ನನ್ನ ನಾಲಿಗೆ ಹಳೆಯದು,
ಕದಿರಪ್ಪ ನಾಯಕರನ್ನು ಕಂಡರೆ ಬುದ್ಧಿ ಅಂದುಬಿಡುತ್ತದೆ.

ಎದ್ದ ಕೂಡಲೇ ಅವರು ಕಿವಿ ಕೊಟ್ಟು ಕೂರುತ್ತಾರೆ.
ನಗಾರಿ ಇಲ್ಲ. ನೀರುಕೋಳಿ ಮುಳುಗಿ ಏಳುವ ಸದ್ದು.
ಮೊದಮೊದಲು ಮುಖ ತೊಳೆಯಲು
ಬೊಗಸೆ ಒಡ್ಡಿಕೊಂಡು ಕಾಯುತ್ತಿದ್ದರು, ಯಾರಾದರೂ ಹುಯ್ಯಲಿ ಅಂತ.
ಕೆರೆ ಯಾರಿಗೂ ಹುಯ್ಯುವುದಿಲ್ಲ.

ಮುದ್ದೆ ತೊಳಸುವುದನ್ನು ನಾನೇ ಕಲಿಸಿದೆ.
ಮೂರು ತಿಂಗಳು ಬರೀ ಗಂಟು.
"ಮುನಿಯ, ಸೀಮೆ ಆಳೋದು ಇದಕ್ಕಿಂತ ಸಲೀಸು ಕಣೋ" ಅಂದರು.
ನಾನೇನೂ ಅನ್ನಲಿಲ್ಲ.
ಅವರು ಸಲೀಸಾಗಿ ಆಳಿದ ಸೀಮೆಯಲ್ಲೇ
ಎರಡು ಹಣದ ಬಾಕಿಗೆ ನಮ್ಮಪ್ಪ
ಬೆನ್ನ ಮೇಲೆ ಕಲ್ಲು ಹೊತ್ತು ಬಿಸಿಲಲ್ಲಿ ಬಗ್ಗಿ ನಿಂತಿದ್ದ,
ಗುಡಿಬಂಡೆ ಸಂತೆಗೆ ಹೋಗುವವರೆಲ್ಲ ನೋಡುವ ಹಾಗೆ.

ಸೋಮವಾರ ಕ್ಷೌರ. ಕತ್ತಿ ಎಣಿಸಿ ಒಯ್ದು ಎಣಿಸಿ ತರಬೇಕು.
ಇರುವುದು ಒಂದೇ. ಆದರೂ ಎಣಿಸುತ್ತೇನೆ: ಒಂದು.

ಮಧ್ಯಾಹ್ನ ದರ್ಬಾರು. ಅದನ್ನೂ ಬರಕೊಳ್ಳುತ್ತೀರಾ?
ಕಲ್ಲಿನ ಮೇಲೆ ಕೂತು ಕೊಕ್ಕರೆಗಳ ವ್ಯಾಜ್ಯ ಕೇಳುತ್ತಾರೆ.
ಒಮ್ಮೆ ನನಗೂ ಇನಾಮು ಬಿಟ್ಟರು:
ಹೊಂಗೆ ಮರದಿಂದ ಮುಳುಗಿದ ಬಂಡೆಯವರೆಗೆ,
ಮಕ್ಕಳು ಮೊಮ್ಮಕ್ಕಳಿಗೆ, ಆಚಂದ್ರಾರ್ಕವಾಗಿ.
ಅಷ್ಟೂ ನೀರು.
ಕೈಮುಗಿದು ತಗೊಂಡೆ.

ಶಿವರಾತ್ರಿ ಕಳೆದ ಮೇಲೆ ನನ್ನ ಇನಾಮು ಇಳಿಯತೊಡಗಿತು.
ಅವರು ಕೋಲು ನೆಟ್ಟು ದಿನಾ ಗೀಟು ಹಾಕಿದರು.
"ಬಿಸಿಲು ಕುಡಿಯೋದು ಇಷ್ಟು, ದನ ಕುಡಿಯೋದು ಇಷ್ಟು,
ಮಿಕ್ಕಿದ್ದು ಎಲ್ಲಿಗೆ ಹೋಗ್ತಿದೆ?
ತೂಬು ಸೋರ್ತಿದೆ, ಹೇಳು ನಿಮ್ಮ ಅಮಲ್ದಾರನಿಗೆ."
ಹೇಳಿದೆನಲ್ಲ, ನಿಮ್ಮೆದುರಿಗೇ ಹೇಳಿದೆ.
ಕೈದಿಯ ಮಾತು ದಫ್ತರಕ್ಕೆ ಸೇರದು ಅಂದಿರಿ.
ಅದೇ ತೂಬಿಗೆ ಗಾರೆ ಬೇಕೆಂದು ಕೇಳಲು
ಅವರ ಕಾಲದಲ್ಲಿ ಕೋಟೆ ಹತ್ತಿದ ನೀರಗಂಟಿಯನ್ನು
ಮೆಟ್ಟಿಲಿಂದ ತಳ್ಳಿಸಿದ್ದೂ ಅವರೇ.
ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ.

ಯುಗಾದಿಗೆ ಹರಿಗೋಲು ಕೆಸರಿಗೆ ಕಚ್ಚಿತು.
ಕಾವಲು ನಾಲ್ಕಿದ್ದದ್ದು ಹನ್ನೆರಡಾಯಿತು,
ಹನ್ನೆರಡೂ ಬೆಟ್ಟದ ಕಡೆಗೇ ಮುಖ.
ಓಡುವವನು ಕೋಟೆಯ ಕಡೆಗಲ್ಲದೆ ಇನ್ನೆಲ್ಲಿಗೆ ಓಡಿಯಾನು?

ಲೇಖನಿ ಕೆಳಗಿಡಿ ಶ್ಯಾನುಭೋಗರೇ, ಇದು ಬರೆಯುವಂಥದ್ದಲ್ಲ.
ನಿಮ್ಮ ಗದ್ದೆಯೂ ಆ ತೂಬಿನ ಕೆಳಗೇ ಅಲ್ಲವೇ.

ಬೆಳಗ್ಗೆ ಗಂಟು ತಲೆ ಮೇಲಿಟ್ಟು ಹೋಗುತ್ತಿದ್ದೆ.
ಹಸಿ ಕೆಸರಲ್ಲಿ ಹೆಜ್ಜೆ, ದಿಬ್ಬದಿಂದ ಏರಿಯ ಕಡೆಗೆ,
ಎಡಗಾಲು ಕೊಂಚ ಹೊರಕ್ಕೆ ತಿರುಗಿದ್ದು.
ಎದೆ ಧಸಕ್ಕೆಂದಿತು. ಹೋದರು.
ಹೋಗಲಿ ಅಂದುಕೊಂಡೆನೋ, ಸಿಕ್ಕಿಬೀಳಲಿ ಅಂದುಕೊಂಡೆನೋ,
ಗಂಗಮ್ಮನಿಗೇ ಗೊತ್ತು.
ಆಮೇಲೆ ಕಂಡೆ, ಮಾರು ದೂರದಲ್ಲಿ ಇನ್ನೊಂದು ಸಾಲು.
ಏರಿಯಿಂದ ದಿಬ್ಬಕ್ಕೆ.
ಹೋದ ಹೆಜ್ಜೆ ಆಳ, ಏನೋ ಹೊತ್ತಂತೆ.
ಬಂದ ಹೆಜ್ಜೆ ಹಗುರ.

ತೂಬಿನ ಬಾಯಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು.
ಕೈ ಹಾಕಿ ತಡವಿದೆ: ಜೇಡಿಮಣ್ಣು, ಹಾಸಿಗೆಯ ಹುಲ್ಲು,
ಸುರುಳಿ ಸುತ್ತಿ ತುರುಕಿದ ಕಂಬಳಿ,
ಹಿಮ್ಮಡಿಯಿಂದ ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದ್ದು.
ಏರಿ ದಾಟಿ ಕಾಲುವೆ ನೋಡಿದೆ. ಒಂದು ಹನಿ ಇಲ್ಲ.

ಬುದ್ಧಿ ಬರೀ ನೆಲದ ಮೇಲೆ ಮಲಗಿದ್ದರು, ಉಗುರಲ್ಲೆಲ್ಲ ಮಣ್ಣು.
"ಈ ಸಲ ಮಳೆ ಬಂದರೆ ನಿಲ್ಲುತ್ತೆ ಕಣೋ" ಅಂದರು, ಕಣ್ಣು ಬಿಡದೆ.
"ಹರಿಗೋಲಿಗೆ ಚರ್ಮ ಹೊಲಿಸಿಟ್ಟುಕೋ."

ಇನ್ನು ಬರಕೊಳ್ಳಿ.
ಕೈದಿಗೆ ಒಂದು ಕಂಬಳಿ ಬೇಕು.
ಹಳೆಯದೋ?
ಇಲಿ ಕಡಿಯಿತು ಅಂತ ಹಾಕಿ.